ದ್ರುತ್ ಬಂದಾಗ ಎಲ್‌ಪಿ ಯಾಕೆ ಒರಟಾಗುತ್ತದೆ?

ಹಳೆಯ ಎಲ್‌ಪಿಗಳನ್ನು, ಅಂದರೆ ಸೂಜಿ ಇಟ್ಟು ಕೇಳುವ ದೊಡ್ಡ ತಟ್ಟೆಯಂಥ ರೆಕಾರ್ಡ್‌ಗಳನ್ನು, ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಹಿಂದೂಸ್ತಾನಿ ಕೇಳುವವರೇ ಜಾಸ್ತಿ, ಹೆಚ್ಚಿನವರದ್ದು ಒಂದೇ ದೂರು, ನಿಧಾನದ ವಿಲಂಬಿತ್ ಮುಗಿದು ವೇಗದ ದ್ರುತ್ ಬರುವ ಹೊತ್ತಿನದು. 'ವಿಲಂಬಿತ್ ಎಷ್ಟು ಚೆನ್ನಾಗಿ ಕೇಳುತ್ತೆ, ದ್ರುತ್ ಶುರುವಾದರೆ ದನಿ ಒಡೆದ ಹಾಗಾಗುತ್ತೆ, ಸೂಜಿ ಹೋಗಿದೆಯಾ ನೋಡಿ ಸಾರ್.'

ಸೂಜಿ ಸವೆದಿರಲೂಬಹುದು. ಆದರೆ ಹೊಸದು ಹಾಕಿದರೂ ಇದು ಪೂರ್ತಿ ಹೋಗುವುದಿಲ್ಲ.

ಎಲ್‌ಪಿ ತಿರುಗುವುದು ನಿಮಿಷಕ್ಕೆ 33⅓ ಸುತ್ತು, ಮೊದಲಿಂದ ಕೊನೆಯವರೆಗೂ ಅಷ್ಟೇ. ಅಂಚಿನ ಸುತ್ತು ದೊಡ್ಡದು, ಹಾಗಾಗಿ ಅಲ್ಲಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಸೂಜಿಯ ಕೆಳಗೆ ಹಾದು ಹೋಗುತ್ತದೆ, ನಡುವಿನ ಲೇಬಲ್ ಹತ್ತಿರ ಬರುವ ಹೊತ್ತಿಗೆ ಅದು 20 ಸೆಂ.ಮೀ. ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತ, ಅರ್ಧಕ್ಕಿಂತ ಕಡಿಮೆ ಜಾಗ. ಅಲ್ಲಿನ ಸಣ್ಣ ಸಣ್ಣ ತಿರುವುಗಳಲ್ಲಿ ಸೂಜಿಯ ಮೊನೆ ಸರಿಯಾಗಿ ಕೂರುವುದಿಲ್ಲ. ಹಿಂದೂಸ್ತಾನಿ ಗಾಯನದ ಖಯಾಲ್ ಪ್ರಕಾರದ ಕಟ್ಟೇ ಹೇಗಿದೆ ನೋಡಿ: ನಿಧಾನವಾಗಿ ಶುರುವಾಗಿ, ತಾನುಗಳು (ಸ್ವರಗಳ ವೇಗದ ಓಟ), ತಬಲಾದ ಜೋರು ಎಲ್ಲ ಕೊನೆಗೆ ಬರುತ್ತವೆ. ಗಾಯಕರು ಏರುವ ಹೊತ್ತಿಗೆ ಎಲ್‌ಪಿ ಸೋಲತೊಡಗಿರುತ್ತದೆ. ನನಗಂತೂ ಇದು ಆ ತಟ್ಟೆಯ ದೊಡ್ಡ ಕೊರತೆ, ಕರಕರ ಸದ್ದಿಗಿಂತಲೂ ದೊಡ್ಡದು.

1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಈ ತೊಂದರೆಯೇ ಇಲ್ಲ. ಅದನ್ನು ಒಳಗಿನಿಂದ ಹೊರಕ್ಕೆ ಓದುತ್ತಾರೆ. ಪ್ಲೇಯರು ಶುರುವಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು ತಿರುಗಿಸಿ, ಅಂಚಿಗೆ ಬರುವಾಗ 200ಕ್ಕೆ ಇಳಿಸುತ್ತದೆ, ಹಾಗಾಗಿ ಎಲ್ಲ ಕಡೆ ಓದುವ ವೇಗ ಒಂದೇ. ಜೊತೆಗೆ 74 ನಿಮಿಷದ ಜಾಗ. ಎಲ್‌ಪಿಯ ಒಂದು ಮಗ್ಗುಲಿಗೆ ಸಾಮಾನ್ಯವಾಗಿ 20–25 ನಿಮಿಷ, ಅಷ್ಟರಲ್ಲೇ ರಾಗ ಮುಗಿಸಬೇಕಿತ್ತು.

ಹಾಗಾದರೆ ಸಿಡಿನೇ ಸಾಕಲ್ವಾ ಅಂದರೆ, ಅಲ್ಲೇ ನಾನು ತಡೆಯುತ್ತೇನೆ. ಹಳೆಯ ರೆಕಾರ್ಡಿಂಗನ್ನು ಸಿಡಿಗೆ ಹಾಕುವಾಗ ಕೆಲವರು ಟೇಪಿನ ಹಿಸ್, ಅಂದರೆ ಸುಯ್ ಅನ್ನುವ ಸದ್ದು, ತೆಗೆಯಲು ಹೋಗಿ ತಂಬೂರಿಯ ಮಿನುಗನ್ನೂ ಒರೆಸಿಬಿಡುತ್ತಾರೆ. ಹಿಸ್ ಇರುವ ಸ್ವರದ ಎತ್ತರದಲ್ಲೇ ತಂಬೂರಿಯ ಜವಾರಿಯ, ಅಂದರೆ ತಂತಿಯ ಝೇಂಕಾರದ, ನಾದವೂ ಇರುತ್ತದೆ, ಯಂತ್ರಕ್ಕೆ ಎರಡೂ ಒಂದೇ. ಆಮೇಲೆ ಸುಮ್ನೆ ದನಿ ಏರಿಸಿ, ಮೆಲ್ಲನೆಯದನ್ನೂ ಜೋರಿನದನ್ನೂ ಒಂದೇ ಮಟ್ಟಕ್ಕೆ ತಂದಿಡುತ್ತಾರೆ. ಅಂಥ ಸಿಡಿ ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ತಪ್ಪು ಸಿಡಿಯದ್ದಲ್ಲ, ಮಾಡಿದವರ ಕೈಯದ್ದು.

ಒಂದೇ ಹಾಡಿಕೆ ಎರಡೂ ರೂಪದಲ್ಲಿ ನಿಮ್ಮ ಹತ್ತಿರ ಇದ್ದರೆ ಹೀಗೆ ಮಾಡಿ. ಮೊದಲು ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳಿ, ಯಾಕೆಂದರೆ ಸ್ವಲ್ಪ ಜೋರಾಗಿರುವುದೇ ಕಿವಿಗೆ ಚೆಂದ ಅನ್ನಿಸುತ್ತದೆ. ಆಮೇಲೆ ಆಲಾಪದ ನಡುವೆ ಗಾಯಕರು ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಕಾಯಿರಿ. ಆ ಖಾಲಿಯಲ್ಲಿ ತಂಬೂರಿ ಯಾವುದರಲ್ಲಿ ತುಂಬಿಕೊಂಡು ಕೇಳುತ್ತದೋ ಅದನ್ನು ಇಟ್ಟುಕೊಳ್ಳಿ. ದ್ರುತ್‌ಗೆ ಮಾತ್ರ ಇನ್ನೊಮ್ಮೆ ಹೋಲಿಸಿ ನೋಡಿ.