ಹೂಳೆತ್ತುವ ಟೆಂಡರ್: ಲೋಡ್ ಎಣಿಸುವವರು ಯಾರು?

ಮೈಸೂರಿನಲ್ಲಿ ಮಳೆ ಜಾಸ್ತಿ ಬೀಳುವುದು ಮೇ ತಿಂಗಳಲ್ಲಿ, ಆಮೇಲೆ ಅಕ್ಟೋಬರ್ ಆಸುಪಾಸಿನಲ್ಲಿ. ಹಣಕಾಸು ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ಇವೆರಡನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಹೊಸ ವರ್ಷದ ದುಡ್ಡು ಬರಲಿ ಅಂತ ಕಾದು ಮೋರಿ ಹೂಳೆತ್ತಲು ಏಪ್ರಿಲ್‌ನಲ್ಲಿ ಟೆಂಡರ್ ಕರೆದರೆ, ಜೆಸಿಬಿ ಮೋರಿಗೆ ಇಳಿಯುವ ಹೊತ್ತಿಗೆ ಮಳೆಯೂ ಇಳಿದಿರುತ್ತದೆ. ಎಷ್ಟು ಹೂಳು ಟಿಪ್ಪರ್ ಹತ್ತಿತು, ಎಷ್ಟು ನೀರಲ್ಲಿ ಕೊಚ್ಚಿಹೋಯಿತು ಅಂತ ಆಮೇಲೆ ಯಾರೂ ಹೇಳಲಾರರು.

ಇಲ್ಲಿ ಕಾನೂನು ಎರಡು. ಪಾಲಿಕೆ ಕೆಲಸ ಕೊಡುವುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆಯ ಪ್ರಕಾರ, ನಾವೆಲ್ಲ ಕೆಟಿಪಿಪಿ ಅನ್ನುವುದು ಅದನ್ನೇ. ಅದರ 4(ಎ) ಕಲಮಿನಲ್ಲಿ, ಸರ್ಕಾರ ಘೋಷಿಸಿದ ಪ್ರಕೃತಿ ವಿಕೋಪ ಅಥವಾ ತುರ್ತು ಸಮಯಕ್ಕೆ ಟೆಂಡರ್‌ನಿಂದ ವಿನಾಯಿತಿ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 50ನೇ ಕಲಮೂ ರಕ್ಷಣೆ, ಪರಿಹಾರದ ತುರ್ತು ಖರೀದಿಗೆ ಟೆಂಡರ್ ಬೇಡ ಅನ್ನುತ್ತದೆ. ಮನೆಗೆ ನೀರು ನುಗ್ಗಿದಾಗ ಇದು ಸರಿಯೇ. ಆದರೆ ಮಳೆಗೆ ಮೊದಲು ಮೋರಿ ಕ್ಲೀನ್ ಮಾಡುವುದು ಪ್ರತಿ ವರ್ಷದ ಕೆಲಸ, ತುರ್ತಲ್ಲ.

ಈಗ ನಿಜವಾದ ಕಷ್ಟಕ್ಕೆ ಬರೋಣ. ರಸ್ತೆ ಹಾಕಿದರೆ ಆಮೇಲೂ ಅಳೆಯಬಹುದು. ಹೂಳು ಎತ್ತಿದ ಮೇಲೆ ಅಳೆಯೋಕೆ ಏನಿರುತ್ತೆ? ಖಾಲಿ ಮೋರಿ, ಅಷ್ಟೇ. ಹಾಗಾಗಿ ಕೆಲಸಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಲೆವೆಲ್ ತೆಗೆದು, ಅಂದರೆ ಮೋರಿಯ ತಳ ಎಷ್ಟು ಎತ್ತರದಲ್ಲಿದೆ ಅಂತ ಅಳೆದು, ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ, ಬರೆದಿರಬೇಕು.

ಒಂದು ಲೆಕ್ಕ ಹಾಕೋಣ, ಅಂಕಿಗಳು ನಾನೇ ಇಟ್ಟುಕೊಂಡವು. ಮೋರಿ 200 ಮೀಟರ್ ಉದ್ದ, 2 ಮೀಟರ್ ಅಗಲ, ಹೂಳು ಸರಾಸರಿ 0.45 ಮೀಟರ್. ಗುಣಿಸಿದರೆ 180 ಘನ ಮೀಟರ್. ಅಗೆದ ಮೇಲೆ ಹೂಳು ಸಡಿಲವಾಗಿ ಉಬ್ಬುತ್ತದೆ. ಕಾಲು ಭಾಗ ಜಾಸ್ತಿ ಅಂದುಕೊಂಡರೆ 225. ಟಿಪ್ಪರ್ ಬಾಡಿ 6 ಘನ ಮೀಟರ್, ಶೇ. 80 ತುಂಬಿದರೆ ಒಂದು ಲೋಡ್‌ಗೆ 4.8. ಹಾಗಾದರೆ 47 ಲೋಡ್. ಬಿಲ್ಲಿನಲ್ಲಿ 60 ಇದ್ದರೆ ಉಳಿದ 13 ಎಲ್ಲಿಂದ ಬಂತು ಅಂತ ಕೇಳಬಹುದು, ಅಲ್ವಾ? ಲೆವೆಲ್ ತೆಗೆಯದೇ ಇದ್ದರೆ ಕೇಳೋಕೂ ಆಗಲ್ಲ. ಲಾರಿ ತೂಗುವ ವೇಬ್ರಿಡ್ಜ್‌ನ ಚೀಟಿ ಇದ್ದರೆ ಸಾಕು ಅನ್ನುವವರಿದ್ದಾರೆ. ಹಸಿ ಹೂಳಿನ ಜೊತೆ ನೀರಿಗೂ ದುಡ್ಡು ಕೊಟ್ಟ ಹಾಗಾಗುತ್ತೆ, ಅದನ್ನು ಮರೆಯಬೇಡಿ.

ಅಮೆರಿಕದಲ್ಲಿ ಪ್ರವಾಹ, ಚಂಡಮಾರುತದ ನಂತರ ಕಸ ಎತ್ತುವ ಗುತ್ತಿಗೆ ಒಬ್ಬರಿಗೆ, ಅದರ ಮೇಲೆ ಕಣ್ಣಿಡುವ ಗುತ್ತಿಗೆ ಇನ್ನೊಬ್ಬರಿಗೆ ಕೊಡುವ ರೂಢಿಯಿದೆ. ಸ್ಥಳೀಯ ಆಡಳಿತವೇ ತನ್ನ ಸಿಬ್ಬಂದಿಯನ್ನು ನಿಲ್ಲಿಸುವುದೂ ಉಂಟು. ಖರ್ಚು ತುಂಬಿಕೊಡುವ ಫೆಮಾ, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ, ಈ ದಾಖಲೆಗಳನ್ನು ಕೇಳುತ್ತದೆ. ಪ್ರತಿ ಲಾರಿಯ ಬಾಡಿಯನ್ನು ಮೊದಲೇ ಅಳೆದು ನಂಬರ್ ಅಂಟಿಸುತ್ತಾರೆ. ಎತ್ತಿದ ಜಾಗದಲ್ಲೇ ಲೋಡ್ ಚೀಟಿ ಹರಿದು ಕೊಡುತ್ತಾರೆ. ಸುರಿಯುವ ಜಾಗದಲ್ಲಿ ಎತ್ತರದ ಅಟ್ಟಣೆ ಮೇಲೆ ನಿಂತವರು ಒಳಗೆ ಇಣುಕಿ, ಶೇಕಡಾ ಎಷ್ಟು ತುಂಬಿದೆ ಅಂತ ಅದೇ ಚೀಟಿಯಲ್ಲಿ ಬರೆಯುತ್ತಾರೆ. ನನಗೆ ಹಿಡಿಸಿದ್ದು ಆ ಅಟ್ಟಣೆ. ನೆಲದ ಮೇಲೆ ನಿಂತರೆ ಅರ್ಧ ಲೋಡೂ ಫುಲ್ ಲೋಡಿನ ಹಾಗೇ ಕಾಣುತ್ತೆ.

ನಮ್ಮಲ್ಲಿ ಥರ್ಡ್ ಪಾರ್ಟಿ ತಪಾಸಣೆ, ಅಂದರೆ ಹೊರಗಿನವರಿಂದ ತಪಾಸಣೆ, ಅನ್ನುವ ಮಾತಿದೆ. ಆದರೆ ತಪಾಸಣೆಗೆ ಬರುವವರು ಕೆಲಸ ಮುಗಿದ ಮೇಲೆ ಬಂದರೆ ಸುಮ್ನೆ ಫೋಟೋ ನೋಡಿ ಸಹಿ ಹಾಕಬೇಕಷ್ಟೆ. ಮೊದಲ ದಿನದಿಂದಲೇ ಇರಬೇಕು ಅನ್ನುವ ಷರತ್ತು ಟೆಂಡರ್‌ನಲ್ಲೇ ಇರಬೇಕು. ಅವರಿಗೆ ದುಡ್ಡು ಕೊಡುವುದು ಪಾಲಿಕೆ, ಹೂಳೆತ್ತುವ ಗುತ್ತಿಗೆದಾರರಲ್ಲ. ಇನ್ನೊಂದು ಷರತ್ತು: ಎತ್ತಿದ್ದಕ್ಕೆ ಬಿಲ್ ಬೇಡ, ಗೊತ್ತುಮಾಡಿದ ಜಾಗದಲ್ಲಿ ಸುರಿದ ಚೀಟಿಗೆ ಬಿಲ್ ಆಗಲಿ.

ಇದನ್ನು ಯಾಕೆ ಒತ್ತಿ ಬರೆಯುತ್ತಿದ್ದೇನೆ ಅಂದರೆ, ನಮ್ಮ ಬೀದಿಯ ಕೊನೆಯಲ್ಲಿ ಒಮ್ಮೆ ಹೂಳೆತ್ತಿ ದಡದ ಮೇಲೇ ಗುಡ್ಡೆ ಹಾಕಿ ಹೋದರು. ಒಣಗಿದ ಮೇಲೆ ಸಾಗಿಸುತ್ತೇವೆ ಅಂದಿದ್ದರು. ಎಳನೀರು ಬುರುಡೆ, ಹಳೇ ಚಪ್ಪಲಿ, ಒಂದು ಹರಿದ ದಿಂಬು ವಾರವಿಡೀ ಅಲ್ಲೇ ಇದ್ದವು. ಮೂರನೇ ಮಳೆಗೆ ದಿಂಬು ಸಮೇತ ಎಲ್ಲ ವಾಪಸ್ ಮೋರಿಗೆ ಹೋಯಿತು.