ತಪ್ಪು ಉತ್ತರಕ್ಕೂ ಒಂದು ಸ್ಲೈಡ್: ಪವರ್‌ಪಾಯಿಂಟಿನಲ್ಲಿ ಮಗುವೇ ನಡೆಸುವ ಪಾಠ

ಬಿ.ಇಡಿ. ಓದುವ ನಮಗೆ ಕಂಪ್ಯೂಟರ್ ಆಧಾರಿತ ಪಾಠವೊಂದನ್ನು ತಯಾರಿಸಿ ಒಪ್ಪಿಸುವ ಕೆಲಸ ಬಂದಾಗ ಹೆಚ್ಚಿನವರು ನೇರವಾಗಿ ಪವರ್‌ಪಾಯಿಂಟ್ ತೆರೆದು ಬಣ್ಣ ಆರಿಸಲು ಕೂರುತ್ತೇವೆ. ಬಾಗಲಕೋಟೆಯಲ್ಲಿ ನನ್ನ ಜೊತೆ ಓದುತ್ತಿರುವವರಿಗೂ ಬೆಳಗಾವಿ, ವಿಜಯಪುರದ ಕಾಲೇಜುಗಳ ಗೆಳೆಯರಿಗೂ ಉಪಯೋಗವಾಗಲೆಂದು ಈ ಟಿಪ್ಪಣಿ ಬರೆಯುತ್ತಿದ್ದೇನೆ. ಉದಾಹರಣೆಗೆ ತೆಗೆದುಕೊಂಡಿರುವುದು ನಮ್ಮ ನೆಲದ ಪಾಠವನ್ನೇ: ಕೃಷ್ಣೆ ಮತ್ತು ಅದರ ಉಪನದಿಗಳು. ತಂತ್ರಾಂಶ ಯಾವ ಆವೃತ್ತಿಯದಾದರೂ ಇಲ್ಲಿ ಹೇಳುವ ಸೌಲಭ್ಯಗಳು ಬಹುಮಟ್ಟಿಗೆ ಇದ್ದೇ ಇರುತ್ತವೆ. ಮೆನುವಿನ ಜಾಗ ಅಷ್ಟಿಷ್ಟು ಬದಲಾಗಬಹುದು.

ಮೊದಲು ಒಂದು ವ್ಯತ್ಯಾಸವನ್ನು ಗಟ್ಟಿ ಮಾಡಿಕೊಳ್ಳಬೇಕು. ಶಿಕ್ಷಕರು ಪ್ರೊಜೆಕ್ಟರ್ ಮುಂದೆ ನಿಂತು ಒಂದೊಂದೇ ಸ್ಲೈಡ್ ತೋರಿಸುತ್ತಾ ವಿವರಿಸುವುದು ಬೋಧನೆಗೆ ನೆರವು. ಅದು ಒಳ್ಳೆಯದೇ, ಆದರೆ ನಮ್ಮನ್ನು ಕೇಳಿರುವುದು ಅದನ್ನಲ್ಲ. ಮಗು ಒಬ್ಬನೇ ಅಥವಾ ಒಬ್ಬಳೇ ಕಂಪ್ಯೂಟರ್ ಮುಂದೆ ಕುಳಿತಾಗ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ, ಏನೋ ಒಂದನ್ನು ಆರಿಸಿ, ಆ ಆಯ್ಕೆಗೆ ತಕ್ಕ ಮರುಮಾತು ಪಡೆದು ಮುಂದೆ ಹೋಗುವಂತಿದ್ದರೆ ಅದು ಸಂವಾದಾತ್ಮಕ ಪಾಠ. ಬಟನ್‌ಗಳು ಇದ್ದ ಮಾತ್ರಕ್ಕೆ ಆಗುವುದಿಲ್ಲ. ‘ಮುಂದೆ’, ‘ಹಿಂದೆ’ ಎಂಬ ಎರಡು ಬಾಣಗಳನ್ನಷ್ಟೇ ಹಾಕಿದ ಪಾಠದಲ್ಲಿ ಮಗು ಪುಟ ತಿರುಗಿಸುತ್ತದೆಯೇ ಹೊರತು ಯೋಚಿಸುವುದಿಲ್ಲ.

ಈ ವಿಚಾರದ ಬೇರು ಹಳೆಯದು. ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1953ರಲ್ಲಿ ಮಗಳ ಶಾಲೆಗೆ ಹೋಗಿ ಗಣಿತದ ತರಗತಿಯಲ್ಲಿ ಕುಳಿತಿದ್ದರು. ತಾನು ಮಾಡಿದ ಲೆಕ್ಕ ಸರಿಯೋ ತಪ್ಪೋ ಎಂಬುದು ಮಕ್ಕಳಿಗೆ ಆ ಕ್ಷಣದಲ್ಲಿ ತಿಳಿಯುತ್ತಿರಲಿಲ್ಲ. ಬೇಗ ಮುಗಿಸಿದವರೂ ತಡವಾದವರೂ ಒಂದೇ ವೇಗದಲ್ಲಿ ನಡೆಯಬೇಕಿತ್ತು. ಇದನ್ನು ಕಂಡ ಮೇಲೆ ಅವರು ಬೋಧನಾ ಯಂತ್ರದ, ಅಂದರೆ ಪ್ರಶ್ನೆ ಕೇಳಿ ಉತ್ತರ ಸರಿಯೋ ಎಂಬುದನ್ನು ಆಗಲೇ ತಿಳಿಸುವ ಯಂತ್ರದ ಕೆಲಸಕ್ಕೆ ತೊಡಗಿದರು. ಅವರ ಪದ್ಧತಿಯಲ್ಲಿ ಪಾಠವನ್ನು ಸಣ್ಣ ಸಣ್ಣ ಚೌಕಟ್ಟುಗಳಾಗಿ ಒಡೆಯಲಾಗುತ್ತಿತ್ತು, ಮಗು ತಪ್ಪದಷ್ಟು ಸುಲಭದ ಹೆಜ್ಜೆಗಳು, ಎಲ್ಲರಿಗೂ ಒಂದೇ ದಾರಿ. ಇದನ್ನು ಸರಳರೇಖೀಯ ಪದ್ಧತಿ ಎನ್ನುತ್ತೇವೆ. ಅಮೆರಿಕದ ವಾಯುಪಡೆಯಲ್ಲಿ ತಂತ್ರಜ್ಞರ ತರಬೇತಿಗಾಗಿ ದುಡಿದ ನಾರ್ಮನ್ ಕ್ರೌಡರ್ ಬೇರೆ ದಾರಿ ಹಿಡಿದರು. ಕಲಿಯುವವರು ತಪ್ಪುವುದು ಸಹಜ, ಯಾವ ತಪ್ಪು ಮಾಡಿದರು ಎಂಬುದನ್ನು ನೋಡಿ ಆ ತಪ್ಪಿಗೆ ತಕ್ಕ ವಿವರಣೆ ಕೊಡಬೇಕು ಎಂಬುದು ಅವರ ನಿಲುವು. ಅವರ ಪುಸ್ತಕಗಳಲ್ಲಿ ಪುಟಗಳು ಅನುಕ್ರಮವಾಗಿ ಇರುತ್ತಿರಲಿಲ್ಲ. ನೀವು ಆರಿಸಿದ ಉತ್ತರದ ಎದುರು ಒಂದು ಪುಟಸಂಖ್ಯೆ ಇರುತ್ತಿತ್ತು. ಆ ಪುಟ ತೆರೆದರೆ, ಉತ್ತರ ಸರಿಯಾಗಿದ್ದರೆ ಮುಂದಿನ ಪಾಠ. ತಪ್ಪಾಗಿದ್ದರೆ ಏಕೆ ತಪ್ಪು ಎಂಬ ವಿವರಣೆ, ಮತ್ತೆ ಪ್ರಶ್ನೆಯ ಪುಟಕ್ಕೆ ಹೋಗೆಂಬ ಸೂಚನೆ. ಇದು ಕವಲು ಪದ್ಧತಿ.

ಪರೀಕ್ಷೆಗೆ ಈ ಇಬ್ಬರ ಹೆಸರು ಬರೆದು ಮರೆಯುವವರೇ ಹೆಚ್ಚು. ಆದರೆ ಕ್ರೌಡರ್ ಅವರ ಪುಸ್ತಕದ ಪುಟಸಂಖ್ಯೆ ಮಾಡುತ್ತಿದ್ದ ಕೆಲಸವನ್ನೇ ಇಂದು ಸ್ಲೈಡಿನ ಹೈಪರ್‌ಲಿಂಕ್, ಅಂದರೆ ಒತ್ತಿದರೆ ಮತ್ತೊಂದು ಸ್ಲೈಡಿಗೆ ಒಯ್ಯುವ ಕೊಂಡಿ, ಮಾಡುತ್ತದೆ. ಅದಕ್ಕೇ ನಾನು ಸಿದ್ಧಾಂತವನ್ನೂ ಪ್ರಾಯೋಗಿಕವನ್ನೂ ಬೇರೆ ಬೇರೆಯಾಗಿ ಓದಬೇಡಿ ಎನ್ನುತ್ತೇನೆ. ಪವರ್‌ಪಾಯಿಂಟ್ 1987ರಲ್ಲಿ ಮ್ಯಾಕಿಂಟೋಶ್ ಕಂಪ್ಯೂಟರಿಗಾಗಿ ಬಂದಾಗ ಅದರ ಕೆಲಸ ಭಾಷಣಕಾರರಿಗೆ ಓವರ್‌ಹೆಡ್ ಪ್ರೊಜೆಕ್ಟರಿನ ಹಾಳೆಗಳನ್ನು ಸಿದ್ಧಪಡಿಸಿಕೊಡುವುದಾಗಿತ್ತು. ಹಾಗಾಗಿ ಒಂದಾದ ಮೇಲೆ ಒಂದು ಎಂಬ ಸಾಲು ಅದರ ಹುಟ್ಟುಗುಣ. ಕವಲುಗಳನ್ನು ನಾವೇ ಕಟ್ಟಬೇಕು.

ಕಂಪ್ಯೂಟರ್ ಮುಟ್ಟುವ ಮುನ್ನ ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ನಡುವೆ ಮುಖಪುಟದ ಚೌಕ, ಅದರಿಂದ ನಾಲ್ಕು ಗೆರೆ: ಘಟಪ್ರಭಾ, ಮಲಪ್ರಭಾ, ಡೋಣಿ, ಭೀಮಾ. ಪ್ರತಿ ನದಿಗೂ ಒಂದೆರಡು ಮಾಹಿತಿಯ ಚೌಕ, ನಂತರ ಒಂದು ಪ್ರಶ್ನೆಯ ಚೌಕ. ಪ್ರಶ್ನೆಯಿಂದ ಎಷ್ಟು ಆಯ್ಕೆಗಳೋ ಅಷ್ಟು ಗೆರೆಗಳು. ಪ್ರತಿ ಚೌಕಕ್ಕೂ ಸಂಖ್ಯೆ ಹಾಕಿ. ಯಾವ ಚೌಕಕ್ಕೆ ಒಳಬರುವ ಗೆರೆಯಿದ್ದು ಹೊರಹೋಗುವ ಗೆರೆಯಿಲ್ಲವೋ ಅಲ್ಲಿ ಮಗು ಸಿಕ್ಕಿಹಾಕಿಕೊಳ್ಳುತ್ತದೆ. ಹಾಳೆಯ ಮೇಲೆ ಇದು ಒಂದು ನೋಟಕ್ಕೆ ಕಾಣುತ್ತದೆ. ಪರದೆಯ ಮೇಲೆ ಹುಡುಕುತ್ತಾ ಅರ್ಧ ದಿನ ಹೋಗುತ್ತದೆ.

ಇನ್ನು ಪಾಠದ ಜೀವಾಳ, ಪ್ರಶ್ನೆಯ ಸ್ಲೈಡ್. ಒಂದನ್ನು ಪೂರ್ತಿ ಕಟ್ಟಿ ನೋಡೋಣ.

‘ಘಟಪ್ರಭಾ ನದಿ ಕೃಷ್ಣೆಯನ್ನು ಎಲ್ಲಿ ಸೇರುತ್ತದೆ?’ ಆಯ್ಕೆಗಳು: ಗೋಕಾಕ, ಕೂಡಲಸಂಗಮ, ಆಲಮಟ್ಟಿ, ಚಿಕ್ಕಸಂಗಮ. ಸರಿಯುತ್ತರ ಬಾಗಲಕೋಟೆ ಜಿಲ್ಲೆಯ ಚಿಕ್ಕಸಂಗಮ. ಉಳಿದ ಮೂರನ್ನು ಸುಮ್ಮನೆ ತುಂಬಿದ್ದಲ್ಲ. ಒಂದೊಂದರ ಹಿಂದೆಯೂ ಮಗುವಿನ ಒಂದೊಂದು ಯೋಚನೆ ಇದೆ. ಗೋಕಾಕ ಎಂದ ಮಗುವಿಗೆ ಘಟಪ್ರಭಾ ಎಂದ ಕೂಡಲೇ ಜಲಪಾತ ನೆನಪಾಗಿದೆ. ಆ ಮಗುವಿಗೆ ತೋರಿಸಬೇಕಾದ ಸ್ಲೈಡಿನಲ್ಲಿ, ‘ಗೋಕಾಕದ ಬಳಿ ಘಟಪ್ರಭಾ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಆದರೆ ಅಲ್ಲಿ ಕೃಷ್ಣೆ ಇಲ್ಲ. ಧುಮುಕಿದ ನೀರು ಪೂರ್ವಕ್ಕೆ ಇನ್ನೂ ಬಹುದೂರ ಹರಿಯಬೇಕು. ನಕಾಶೆಯಲ್ಲಿ ಬೆರಳಿಟ್ಟು ಅದರ ಜೊತೆ ಹೋಗು’ ಎಂದು ಬರೆಯಿರಿ. ಕೂಡಲಸಂಗಮ ಎಂದ ಮಗು ‘ಸಂಗಮ’ ಎಂಬುದನ್ನು ಹಿಡಿದು ಊಹಿಸಿದೆ, ಅಥವಾ ಎರಡು ನದಿಗಳನ್ನು ಅದಲುಬದಲು ಮಾಡಿಕೊಂಡಿದೆ. ಅದಕ್ಕೆ, ‘ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದು ಮಲಪ್ರಭಾ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಪಟ್ಟದಕಲ್ಲು, ಐಹೊಳೆಗಳನ್ನು ದಾಟಿ ಅಲ್ಲಿಗೆ ಬರುತ್ತದೆ. ಘಟಪ್ರಭಾ ಅದಕ್ಕಿಂತ ಮೇಲ್ಭಾಗದಲ್ಲೇ ಕೃಷ್ಣೆಗೆ ಸೇರಿರುತ್ತದೆ’ ಎಂದು ಹೇಳಬೇಕು. ಆಲಮಟ್ಟಿ ಎಂದ ಮಗು ಬಹಳ ಹತ್ತಿರ ಬಂದಿದೆ. ‘ಆಲಮಟ್ಟಿಯಲ್ಲಿ ಇರುವುದು ಕೃಷ್ಣೆಗೆ ಕಟ್ಟಿದ ಅಣೆಕಟ್ಟು. ಎರಡು ನದಿಗಳು ಕೂಡುವ ಜಾಗ ಅದಕ್ಕಿಂತ ಮೇಲೆ, ಜಲಾಶಯದ ಹಿನ್ನೀರಿನ ಕಡೆಗೆ ಇದೆ’ ಎಂದು ದಾರಿ ತೋರಿಸಿ.

ಮೂರು ತಪ್ಪಿಗೆ ಮೂರು ಮಾತು. ‘ತಪ್ಪು, ಮತ್ತೆ ಪ್ರಯತ್ನಿಸಿ’ ಎಂಬ ಒಂದೇ ಸ್ಲೈಡಿಗೆ ಮೂರನ್ನೂ ಜೋಡಿಸಿದರೆ ಕೆಲಸ ಸುಲಭ, ಆದರೆ ಮಗು ಉಳಿದ ಆಯ್ಕೆಗಳನ್ನು ಒಂದರ ನಂತರ ಒಂದು ಒತ್ತುತ್ತಾ ಹೋಗಿ ಸರಿಯುತ್ತರ ತಲುಪುತ್ತದೆ. ಏನೂ ಕಲಿತಿರುವುದಿಲ್ಲ. ನನ್ನ ಮಟ್ಟಿಗೆ ಈ ಪ್ರಾಯೋಗಿಕ ಕೆಲಸದ ಬೆಲೆಯೆಲ್ಲ ಇಲ್ಲೇ ಇದೆ. ತಪ್ಪು ಆಯ್ಕೆಗೆ ಬರೆದ ವಿವರಣೆಯನ್ನು ಓದಿದರೆ ಸಾಕು, ಪಾಠ ಮಾಡಿದವರಿಗೆ ಮಕ್ಕಳ ಮನಸ್ಸು ಎಷ್ಟು ಗೊತ್ತು ಎಂಬುದು ತಿಳಿಯುತ್ತದೆ. ಸರಿಯುತ್ತರದ ಸ್ಲೈಡಿನಲ್ಲಿಯೂ ಬರೀ ಚಪ್ಪಾಳೆಯ ಸದ್ದು ಹಾಕಬೇಡಿ. ಊಹಿಸಿ ಒತ್ತಿದ ಮಗುವೂ ಅಲ್ಲಿಗೇ ಬರುತ್ತದೆ, ಆದ್ದರಿಂದ ಏಕೆ ಸರಿ ಎಂಬುದನ್ನು ಒಂದು ಸಾಲಿನಲ್ಲಿ ಹೇಳಿ. ಆ ಸಾಲಿನ ಜೊತೆ ಚಿಕ್ಕಸಂಗಮ, ಆಲಮಟ್ಟಿ, ಕೂಡಲಸಂಗಮ ಮೂರೂ ಕೃಷ್ಣೆಯ ಹರಿವಿನ ಕ್ರಮದಲ್ಲಿ ಗುರುತಾಗಿರುವ ಪುಟ್ಟ ನಕಾಶೆ ಇದ್ದರೆ ಇನ್ನೂ ಒಳ್ಳೆಯದು.

ಲಿಂಕ್ ಕೊಡುವ ಕ್ರಮ ಸರಳ. ಆಯ್ಕೆಯ ಪ್ರತಿ ಉತ್ತರವನ್ನೂ ಒಂದೊಂದು ಆಯತಾಕಾರದ ಆಕೃತಿಯೊಳಗೆ ಬರೆಯಿರಿ. ಆಕೃತಿಯನ್ನು ಆರಿಸಿ, ಇನ್ಸರ್ಟ್ ಮೆನುವಿನಲ್ಲಿ ಆಕ್ಷನ್ ಒತ್ತಿ, ಹೈಪರ್‌ಲಿಂಕ್ ಟು ಎಂಬಲ್ಲಿ ಸ್ಲೈಡ್ ಆಯ್ದುಕೊಳ್ಳಿ. ಲಿಂಕನ್ನು ಅಕ್ಷರಗಳಿಗೆ ಕೊಡದೆ ಆಕೃತಿಗೆ ಕೊಡುವುದು ಮುಖ್ಯ. ಅಕ್ಷರಗಳಿಗೆ ಕೊಟ್ಟರೆ ಅಡಿಗೆರೆ ಬಿದ್ದು ಬಣ್ಣ ಬದಲಾಗುತ್ತದೆ. ಒಮ್ಮೆ ಒತ್ತಿದ ಮೇಲೆ ಮತ್ತೊಂದು ಬಣ್ಣ ಬಂದು, ಮುಂದೆ ಕೂರುವ ಮಗುವಿಗೆ ಯಾವುದನ್ನು ಒತ್ತಲಾಗಿದೆ ಎಂಬುದು ಗೊತ್ತಾಗಿಬಿಡಬಹುದು. ಸ್ಲೈಡುಗಳ ಪಟ್ಟಿಯಲ್ಲಿ ಪ್ರತಿಯೊಂದರ ಶೀರ್ಷಿಕೆ ಕಾಣುವುದರಿಂದ ಎಲ್ಲ ಸ್ಲೈಡಿಗೂ ಶೀರ್ಷಿಕೆ ಕೊಡಿ: ‘ಘಟಪ್ರಭಾ ಪ್ರಶ್ನೆ’, ‘ಘಟಪ್ರಭಾ ತಪ್ಪು ಗೋಕಾಕ’ ಹೀಗೆ. ಇಲ್ಲದಿದ್ದರೆ ಬರೀ ಸ್ಲೈಡ್ 14, ಸ್ಲೈಡ್ 15 ಎಂಬ ಸಾಲು ಮಾತ್ರ ಕಾಣುತ್ತದೆ.

ಮುಖಪುಟಕ್ಕೆ ಹೋಗುವ ಬಟನ್ ಪ್ರತಿ ಸ್ಲೈಡಿನಲ್ಲೂ ಬೇಕು. ಅದನ್ನು ಎಲ್ಲ ಸ್ಲೈಡಿಗೂ ಮಾದರಿಯಾದ ಸ್ಲೈಡ್ ಮಾಸ್ಟರಿನಲ್ಲಿ ಒಮ್ಮೆ ಇಟ್ಟರೆ ಎಲ್ಲ ಕಡೆ ಅದೇ ಜಾಗದಲ್ಲಿ ಬರುತ್ತದೆ. ಪದಗಳ ಅರ್ಥ ಕೊಡುವ ಸ್ಲೈಡಿಗೆ ಮಾತ್ರ ಬೇರೆ ಬಗೆಯ ಬಟನ್ ಹಾಕಿ. ‘ಉಪನದಿ’, ‘ಹಿನ್ನೀರು’ ಮುಂತಾದ ಪದಗಳಿಗಾಗಿ ಮಗು ಯಾವ ಸ್ಲೈಡಿನಿಂದ ಬೇಕಾದರೂ ಅಲ್ಲಿಗೆ ಬರುತ್ತದೆ, ಬಂದಲ್ಲಿಗೇ ಮರಳಬೇಕು. ಅದಕ್ಕೆ ಲಾಸ್ಟ್ ಸ್ಲೈಡ್ ವ್ಯೂಡ್ ಎಂಬ ಆಯ್ಕೆ ಇದೆ.

ನಕಾಶೆಯ ಮೇಲೆಯೇ ಒತ್ತುವಂತೆ ಮಾಡಿದರೆ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ನಕಾಶೆಯ ಚಿತ್ರ ಹಾಕಿ, ಫ್ರೀಫಾರ್ಮ್ ಆಕೃತಿಯಿಂದ ನದಿಯ ಪಾತ್ರದ ಸುತ್ತ ಗೆರೆ ಎಳೆದು ಮುಚ್ಚಿ, ಆ ಆಕೃತಿಗೆ ಲಿಂಕ್ ಕೊಡಿ. ಆಮೇಲೆ ಆಕೃತಿ ಕಾಣದಂತೆ ಮಾಡುವಾಗ ಬಹುತೇಕರು ನೋ ಫಿಲ್ ಆರಿಸುತ್ತಾರೆ. ಹಾಗೆ ಮಾಡಿದರೆ ಒಳಭಾಗ ಖಾಲಿಯಾಗಿ, ಅಲ್ಲಿ ಒತ್ತಿದ್ದು ಲಿಂಕಿಗೆ ತಾಗುವುದಿಲ್ಲ. ಯಾವುದಾದರೂ ಬಣ್ಣ ತುಂಬಿ ಪಾರದರ್ಶಕತೆಯನ್ನು 100 ಪ್ರತಿಶತಕ್ಕೆ ಏರಿಸಿ, ಅಂಚುಗೆರೆ ತೆಗೆಯಿರಿ. ಆಕೃತಿ ಕಾಣುವುದಿಲ್ಲ, ಆದರೆ ಒತ್ತಿದ ಕೂಡಲೇ ಕೆಲಸ ಮಾಡುತ್ತದೆ. ನದಿಯ ಪಾತ್ರ ಸಣಕಲು, ಮೌಸ್ ಹಿಡಿದ ಪುಟ್ಟ ಕೈ ಅಲುಗುತ್ತದೆ. ಆದ್ದರಿಂದ ಆಕೃತಿಯನ್ನು ನದಿಗಿಂತ ಧಾರಾಳವಾಗಿ ಅಗಲ ಮಾಡಿ.

ಅದೇ ಸ್ಲೈಡಿನಲ್ಲಿ ಉಳಿದುಕೊಂಡು ಏನಾದರೂ ಮೂಡಿಬರಬೇಕಾದರೆ ಟ್ರಿಗರ್ ಉಪಯೋಗಿಸಿ. ಹಿಡಕಲ್ ಎಂಬ ಚುಕ್ಕೆ ಒತ್ತಿದರೆ ಘಟಪ್ರಭೆಯ ಅಣೆಕಟ್ಟಿನ ಚಿತ್ರ, ನವಿಲುತೀರ್ಥ ಒತ್ತಿದರೆ ಮಲಪ್ರಭೆಯ ಅಣೆಕಟ್ಟಿನ ಚಿತ್ರ. ಚಿತ್ರಕ್ಕೆ ಅನಿಮೇಶನ್ ಕೊಟ್ಟು, ಟ್ರಿಗರ್ ಪಟ್ಟಿಯಲ್ಲಿ ಆ ಚುಕ್ಕೆಯನ್ನು ಆರಿಸಬೇಕು. ಮೊದಲು ಆಲ್ಟ್ ಮತ್ತು ಎಫ್10 ಒತ್ತಿ ಸ್ಲೈಡಿನ ಎಲ್ಲ ಆಕೃತಿಗಳ ಪಟ್ಟಿಯಾದ ಸೆಲೆಕ್ಷನ್ ಪೇನ್ ತೆರೆದು ಪ್ರತಿ ಆಕೃತಿಗೂ ಹೆಸರಿಡಿ, ಆಗ ಟ್ರಿಗರ್ ಪಟ್ಟಿಯಲ್ಲಿ ಬೇಕಾದ ಚುಕ್ಕೆ ಯಾವುದೆಂದು ಗೊತ್ತಾಗುತ್ತದೆ.

ಇಷ್ಟೆಲ್ಲ ಕಟ್ಟಿದ ಮೇಲೆ ಎಲ್ಲವನ್ನೂ ಕೆಡಿಸುವ ಒಂದು ಸಂಗತಿ ಉಳಿದಿರುತ್ತದೆ. ಮಗು ಬಟನ್ ಬಿಟ್ಟು ಪರದೆಯ ಖಾಲಿ ಜಾಗದಲ್ಲಿ ಒತ್ತಿದರೆ ಪವರ್‌ಪಾಯಿಂಟ್ ತನ್ನ ಹುಟ್ಟುಗುಣದಂತೆ ಮುಂದಿನ ಸ್ಲೈಡಿಗೆ ಹೋಗುತ್ತದೆ. ಪ್ರಶ್ನೆಯಿಂದ ನೇರವಾಗಿ ಯಾವುದೋ ತಪ್ಪು ಉತ್ತರದ ವಿವರಣೆಗೆ! ಟ್ರಾನ್ಸಿಶನ್ಸ್ ವಿಭಾಗದಲ್ಲಿ ಆನ್ ಮೌಸ್ ಕ್ಲಿಕ್ ಗುರುತನ್ನು ಎಲ್ಲ ಸ್ಲೈಡಿನಿಂದ ತೆಗೆದರೂ ಕೀಲಿಮಣೆಯ ಬಾಣದ ಗುಂಡಿಗಳು ಕೆಲಸ ಮಾಡುತ್ತಲೇ ಇರುತ್ತವೆ. ಪೂರ್ತಿ ಬಂದೋಬಸ್ತು ಬೇಕಾದರೆ ಸ್ಲೈಡ್ ಶೋ ಮೆನುವಿನ ಸೆಟಪ್‌ನಲ್ಲಿ ಕಿಯೋಸ್ಕ್ ವಿಧಾನ ಆರಿಸಿ. ಆಗ ನೀವು ಇಟ್ಟ ಬಟನ್‌ಗಳು ಮತ್ತು ಲಿಂಕ್‌ಗಳಿಂದ ಮಾತ್ರ ಚಲನೆ ಸಾಧ್ಯ. ಹೊರಬರಲು ಎಸ್ಕೇಪ್ ಗುಂಡಿ. ಹಾಳೆಯ ಮೇಲಿನ ಗೆರೆಗಳನ್ನು ಅಷ್ಟು ಒತ್ತಿ ಹೇಳಿದ್ದು ಇದೇ ಕಾರಣಕ್ಕೆ. ಕಿಯೋಸ್ಕ್‌ನಲ್ಲಿ ಬಟನ್ ಇಲ್ಲದ ಸ್ಲೈಡ್ ಎಂದರೆ ಬಾಗಿಲಿಲ್ಲದ ಕೋಣೆ.

ಕನ್ನಡ ಅಕ್ಷರಗಳ ವಿಷಯದಲ್ಲಿ ನನ್ನದು ಖಚಿತವಾದ ಸಲಹೆ: ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ನುಡಿ ಫಾಂಟಿನ ಬರಹ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಲಿಂಕ್ ಕೊಡುವಾಗ ಕಾಣುವ ಶೀರ್ಷಿಕೆಗಳ ಪಟ್ಟಿಯೂ ಓದಲಾಗದಂತೆ ಬರುತ್ತದೆ. ವಿಂಡೋಸ್‌ನಲ್ಲಿ ತುಂಗಾ, ನಿರ್ಮಲಾ ಯುಐ ಫಾಂಟುಗಳು ಸಿಗುತ್ತವೆ. ಬೇರೆ ಫಾಂಟ್ ಬೇಕೇ ಬೇಕೆಂದರೆ ಕಡತ ಉಳಿಸುವಾಗ ಫಾಂಟನ್ನು ಅದರೊಳಗೇ ಸೇರಿಸುವ ಆಯ್ಕೆಯಿದೆ. ಶಾಲೆಯ ಲ್ಯಾಬ್‌ನಲ್ಲಿ ಪವರ್‌ಪಾಯಿಂಟ್ ಬದಲು ಲಿಬ್ರೆಆಫೀಸ್ ಇಂಪ್ರೆಸ್ ಎಂಬ ಉಚಿತ ತಂತ್ರಾಂಶ ಇದ್ದರೆ, ಅದೂ ಲಿಂಕ್‌ಗಳನ್ನು ನಡೆಸಬಲ್ಲದು, ಆದರೆ ಟ್ರಿಗರ್‌ಗಳನ್ನು ಅಲ್ಲಿಯೇ ತೆರೆದು ಪರೀಕ್ಷಿಸಿಕೊಳ್ಳಿ.

ಧ್ವನಿ ಸೇರಿಸುವಾಗ ಪರದೆಯ ಮೇಲಿನ ಸಾಲುಗಳನ್ನೇ ಓದಿ ಮುದ್ರಿಸಬೇಡಿ. ಚಿತ್ರ ನೋಡುತ್ತಾ, ಅದೇ ಮಾತನ್ನು ಓದುತ್ತಾ, ಕೇಳುತ್ತಾ ಇರಬೇಕಾದಾಗ ಗಮನ ಹರಿದು ಹಂಚಿಹೋಗುತ್ತದೆ ಎಂಬುದನ್ನು ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿವೆ. ನಕಾಶೆಯ ಸ್ಲೈಡಿನಲ್ಲಿ ಧ್ವನಿ ವಿವರಿಸಲಿ, ಪರದೆಯ ಮೇಲೆ ಊರಿನ ಹೆಸರುಗಳು ಮಾತ್ರ ಇರಲಿ. ಆ ಹೆಸರುಗಳೂ ಬದಿಯ ಪಟ್ಟಿಯಲ್ಲಿ ಇರದೆ ಆಯಾ ಚುಕ್ಕೆಯ ಪಕ್ಕದಲ್ಲೇ ಇರಲಿ. ತಿರುಗುತ್ತಾ ಬರುವ ಅಕ್ಷರ, ಹಾರುವ ಚಿಟ್ಟೆಗಳನ್ನು ಬಿಡಿ.

ಮುಗಿದ ಮೇಲೆ ಪಿಪಿಎಸ್‌ಎಕ್ಸ್ ರೂಪದಲ್ಲಿ ಉಳಿಸಿದರೆ ಕಡತ ತೆರೆದ ಕೂಡಲೇ ಪ್ರದರ್ಶನ ಆರಂಭವಾಗುತ್ತದೆ. ಮೂಲ ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ. ವಿಡಿಯೊ ಕಡತಕ್ಕೆ ಲಿಂಕ್ ಮಾತ್ರ ಕೊಟ್ಟಿದ್ದರೆ ಪೆನ್ ಡ್ರೈವ್‌ಗೆ ಅದನ್ನೂ ಜೊತೆಯಲ್ಲೇ ಹಾಕಬೇಕು. ಒಪ್ಪಿಸುವ ಮುನ್ನ ನೆರೆಹೊರೆಯ ಆರನೆಯ ಅಥವಾ ಏಳನೆಯ ತರಗತಿಯ ಕೆಲವು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ, ನೀವು ಹಿಂದೆ ನಿಂತು ಬಾಯಿ ಬಿಡದೆ ನೋಡಿ. ಮಗು ಎಲ್ಲಿ ನಿಂತಿತು, ಯಾವ ತಪ್ಪು ಉತ್ತರವನ್ನು ಯಾರೂ ಆರಿಸುತ್ತಲೇ ಇಲ್ಲ ಎಂಬುದನ್ನು ಬರೆದುಕೊಳ್ಳಿ. ಯಾರೂ ಆರಿಸದ ಆಯ್ಕೆಯನ್ನು ಕಿತ್ತು, ಮಕ್ಕಳು ನಿಜಕ್ಕೂ ಬಾಯಿಬಿಟ್ಟು ಹೇಳಿದ ತಪ್ಪೊಂದನ್ನು ಅಲ್ಲಿ ಹಾಕಿ, ಅದಕ್ಕೊಂದು ಹೊಸ ವಿವರಣೆ ಬರೆಯಿರಿ.