ಹೊಗೆಯ ಹಿಂದೆ ಕುಳಿತವನು ಯಾರು? ‘ಟಿಂಟರ್ನ್ ಅಬ್ಬೆ’ ಕವಿತೆಯ ಪಾತ್ರಗಳು

ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್‌ನ ಈ ಕವಿತೆಯನ್ನು ಪಠ್ಯವಾಗಿ ಓದುವವರನ್ನು ಮೊದಲು ದಾರಿ ತಪ್ಪಿಸುವುದು ಶೀರ್ಷಿಕೆಯೇ. ಅಬ್ಬೆ, ಅಂದರೆ ಪಾಳುಬಿದ್ದ ಆ ಕ್ರೈಸ್ತ ಮಠ, ಕವಿತೆಯೊಳಗೆ ಎಲ್ಲಿಯೂ ಇಲ್ಲ. ವರ್ಡ್ಸ್‌ವರ್ತ್ ನಿಂತಿರುವುದು ಮಠಕ್ಕಿಂತ ಕೆಲವು ಮೈಲಿ ಮೇಲೆ, ಇಂಗ್ಲೆಂಡ್-ವೇಲ್ಸ್ ಗಡಿಯ ವೈ ನದಿಯ ದಂಡೆಯಲ್ಲಿ. ಕವಿತೆಯೇ ಕೊಡುವ ದಿನಾಂಕ 1798ರ ಜುಲೈ 13. ಐದು ವರ್ಷ ಹಿಂದೆ ಒಮ್ಮೆ ಬಂದು ಹೋಗಿದ್ದ ಜಾಗ ಅದು.

ಮೊದಲ ಭಾಗದಲ್ಲಿ ಮನುಷ್ಯರ ಮುಖವೇ ಕಾಣಿಸುವುದಿಲ್ಲ. ಬಾಗಿಲ ತನಕ ಹಸಿರು ಹಬ್ಬಿದ ತೋಟದ ಮನೆಗಳು, ಬೇಲಿ ಎನ್ನಲೂ ಆಗದಂತೆ ಮನಬಂದತ್ತ ಬೆಳೆದ ಪೊದೆಸಾಲು, ಮರಗಳ ನಡುವಿನಿಂದ ಸದ್ದಿಲ್ಲದೆ ಏಳುವ ಹೊಗೆ, ಇಷ್ಟೇ. ಹೊಗೆ ಕಂಡಲ್ಲಿ ಬೆಂಕಿಯಿದೆ ಎನ್ನುವುದು ನಮ್ಮ ತರ್ಕಶಾಸ್ತ್ರದ ಹಳೆಯ ಉದಾಹರಣೆ. ಕವಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆ ಬೆಂಕಿ ಯಾರದು ಎಂದು ಊಹಿಸುತ್ತಾನೆ: ಕಾಡಿನಲ್ಲಿ ತಂಗಿದ ಅಲೆಮಾರಿಗಳದೋ, ಗುಹೆಯಲ್ಲಿ ಒಬ್ಬನೇ ಕುಳಿತ ವಿರಕ್ತನದೋ. ‘ಕವಿ ವಿರಕ್ತನನ್ನು ಕಾಣುತ್ತಾನೆ’ ಎಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ಕಂಡದ್ದು ಹೊಗೆ ಮಾತ್ರ.

ಆದರೂ ಊಹೆಯ ಕ್ರಮದಲ್ಲಿ ಕವಿಯ ಒಲವು ಗೊತ್ತಾಗುತ್ತದೆ. ಅಲೆಮಾರಿಗಳು ಗುಂಪಾಗಿ ಬಂದು ಸರಿದುಹೋಗುತ್ತಾರೆ. ವಿರಕ್ತ ಬಂದೊಡನೆ ಆ ಭಾಗ ಮುಗಿಯುತ್ತದೆ, ಅದೂ ಒಂಟಿತನವನ್ನು ಹೇಳುವ ಪದದೊಂದಿಗೆ. ಮುಂದಿನ ಭಾಗದಲ್ಲಿ ನಗರದ ಗದ್ದಲದ ನಡುವೆ, ಒಂಟಿ ಕೋಣೆಗಳಲ್ಲಿ, ಇದೇ ನದಿಯನ್ನು ನೆನೆಯುವವನು ಸ್ವತಃ ಕವಿ. ಗುಹೆಯೇ ಕೋಣೆಯಾಗಿದೆ, ವಿರಕ್ತ ಕವಿಯದೇ ನೆರಳು.

ಅಲೆಮಾರಿಗಳ ಮಾತು ಅಷ್ಟು ಸಲೀಸಲ್ಲ. ಮಠದ ಅವಶೇಷಗಳಲ್ಲಿ ಬಡವರು ಬಿಡಾರ ಹೂಡಿದ್ದನ್ನು ಇಂಗ್ಲಿಷ್ ಲೇಖಕ ಗಿಲ್ಪಿನ್ 1782ರ ತನ್ನ ಪ್ರವಾಸ ಗ್ರಂಥದಲ್ಲಿ ಬರೆದಿದ್ದ. ಆ ಕಣಿವೆಯಲ್ಲಿ ಕಬ್ಬಿಣದ ಕುಲುಮೆಗಳೂ ಇದ್ದವು. ಇದನ್ನೆಲ್ಲ ಕವಿತೆ ಮುಚ್ಚಿಟ್ಟಿತು ಎಂಬ ಆಕ್ಷೇಪ 1980ರ ದಶಕದ ವಿಮರ್ಶೆಯಲ್ಲಿ ಜೋರಾಗಿಯೇ ಕೇಳಿಬಂತು. ನನಗೆ ಅದು ಅರ್ಧ ಸರಿ ಅನ್ನಿಸುತ್ತದೆ. ಮಠವನ್ನು ಪೂರ್ತಿ ಬಿಟ್ಟ ಕವಿ ಅಲೆಮಾರಿಗಳನ್ನು ಬಿಡಲಿಲ್ಲ. ಅಷ್ಟೇ ಅಲ್ಲ, ಮುಂದೆ ವೈ ನದಿಯನ್ನೇ ಕಾಡಿನಲ್ಲಿ ಅಲೆಯುವ ಜೀವವೆಂದು ಕರೆಯುತ್ತಾನೆ. ಹೊರಗೆ ನಿಲ್ಲಿಸಿದವರು ನದಿಯ ರೂಪದಲ್ಲಿ ಮರಳಿ ಬಂದಂತೆ.

ಪ್ರಕೃತಿಗೆ ಕೊಟ್ಟ ಲಂಗರು, ದಾದಿ, ಮಾರ್ಗದರ್ಶಿ, ರಕ್ಷಕಿ ಎಂಬ ಪಾತ್ರಗಳು ಎಲ್ಲ ಗೈಡುಗಳಲ್ಲೂ ಸಿಗುತ್ತವೆ, ಬಿಡಿ.

ಊಹೆಯಲ್ಲದ, ಪಕ್ಕದಲ್ಲೇ ನಿಂತಿರುವ ಒಬ್ಬಳಿದ್ದಾಳೆ: ತಂಗಿ ಡೊರೊಥಿ. ಸುಮಾರು 160 ಸಾಲುಗಳ ಕವಿತೆಯಲ್ಲಿ ಆಕೆ ಬರುವುದು ನೂರು ಸಾಲು ದಾಟಿದ ಮೇಲೆ. ಗೆಳತಿ, ತಂಗಿ ಎಂದು ಅಕ್ಕರೆಯಿಂದ ಕರೆಯುತ್ತಾನೆ, ಹೆಸರು ಹೇಳುವುದಿಲ್ಲ. ಅವಳ ಕಣ್ಣುಗಳಲ್ಲಿ ಅವನು ಹುಡುಕುವುದು ತನ್ನ ಹಿಂದಿನ ಉತ್ಸಾಹವನ್ನು. ಅವಳ ನೆನಪು ಮುಂದೆ ಈ ಚೆಲುವಿಗೆಲ್ಲ ಮನೆಯಾಗಲಿ, ಅದರಲ್ಲಿ ತನಗೂ ಜಾಗವಿರಲಿ ಎಂದು ಬೇಡುತ್ತಾನೆ. ಇಡೀ ಕವಿತೆಯಲ್ಲಿ ಅವಳು ಒಂದು ಮಾತೂ ಆಡುವುದಿಲ್ಲ. ಅದೇ 1798ರ ಆರಂಭದ ತಿಂಗಳುಗಳಲ್ಲಿ ಡೊರೊಥಿ ದಿನಚರಿ ಬರೆಯುತ್ತಿದ್ದಳು. ಅಲ್ಲಿ ಕಾಡನ್ನೂ ಚಂದ್ರನನ್ನೂ ನೋಡುತ್ತಿರುವುದು ಅವಳದೇ ಕಣ್ಣು.